ಖಡಕ್ ಮಾಡು ಅಂದಿದ್ದೆ

ಕೊರೊನಾ ಕಾಟ ಮುಗಿದು ಜನ ಮುಖದ ಮಾಸ್ಕ್ ತೆಗೆದಿಟ್ಟ ವರ್ಷ ಅದು. ನಾನು ಇಂಡಿಯಲ್ಲಿ ಮಕ್ಕಳ ವೈದ್ಯೆಯಾಗಿ ಸ್ವಂತ ದವಾಖಾನೆ ತೆರೆದು ಇಪ್ಪತ್ತು ವರ್ಷದ ಮೇಲಾಗಿತ್ತು. ತವರು ಮುದ್ದೇಬಿಹಾಳ, ಕೊಟ್ಟದ್ದು ಇಂಡಿಗೆ. ಹೀಗಾಗಿ ಈ ಸೀಮೆಯ ಮಾತು, ಊಟ, ಸಿಟ್ಟು ಎಲ್ಲ ನನಗೆ ಹುಟ್ಟಿನಿಂದಲೇ ಗೊತ್ತು ಎಂಬ ಸೊಕ್ಕು ಇತ್ತು. ಜನ ಎದುರಿಗೆ ನನ್ನನ್ನು ಗೌರವದಿಂದ ‘ಬಾಯಾರ’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ‘ಖಡಕ್ ಬಾಯಾರು’ ಎನ್ನುತ್ತಿದ್ದರು. ಮೊಬೈಲ್ ತೋರಿಸಿ ಉಣಿಸುವ ತಾಯಂದಿರನ್ನು, ಮೊಮ್ಮಗನ ಕೈಗೆ ಕುರುಕಲು ಪೊಟ್ಟಣ ಕೊಟ್ಟು ಕರೆತರುವ ಅಜ್ಜಂದಿರನ್ನು ನಾನು ಬಾಗಿಲಲ್ಲೇ ಝಾಡಿಸುತ್ತಿದ್ದೆ. ಆ ಹೆಸರು ಕಿವಿಗೆ ಬಿದ್ದರೆ ಸಿಟ್ಟು ಬರುತ್ತಿರಲಿಲ್ಲ, ಖರೇ ಹೇಳಬೇಕೆಂದರೆ ಒಳಗೊಳಗೇ ಉಬ್ಬುತ್ತಿದ್ದೆ. ಈಗ ಅದೇ ಹೆಸರು ಕೇಳಿದರೆ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಆ ಬೇಸಿಗೆಯಲ್ಲಿ ಝಳಕಿಯಿಂದ ಸುವರ್ಣಾ ಎಂಬ ಹೆಣ್ಣುಮಗಳು ತನ್ನ ಮಗಳನ್ನು ಎತ್ತಿಕೊಂಡು ಬಂದಳು. ಜೊತೆಗೆ ಅವಳ ಅತ್ತೆ. ಗಂಡ ಹೈವೇ ಬದಿಗೆ ಲಾರಿ ಟೈರುಗಳ ಪಂಕ್ಚರ್ ತೆಗೆಯುವ ಅಂಗಡಿ ಇಟ್ಟಿದ್ದ. ಮಗಳ ಹೆಸರು ಸೃಷ್ಟಿ, ಇನ್ನೇನು ಮೂರು ತುಂಬುವುದಿತ್ತು. ತೂಕಕ್ಕೆ ನಿಲ್ಲಿಸಿದರೆ ಒಂಬತ್ತೂವರೆ ಕಿಲೋ. ಆ ವಯಸ್ಸಿನ ಹುಡುಗಿ ಹದಿಮೂರು ಕಿಲೋದ ಆಸುಪಾಸಿನಲ್ಲಿರಬೇಕು. ಹಾಲು ಮತ್ತು ಒಂದೇ ಬಗೆಯ ಬಿಸ್ಕೀಟು ಬಿಟ್ಟರೆ ಬೇರೇನೂ ಬಾಯಿಗೆ ಹಾಕುವುದಿಲ್ಲ, ಆ ಬಿಸ್ಕೀಟನ್ನೂ ಹಾಲಲ್ಲಿ ಅದ್ದಿ ಕೊಟ್ಟರೆ ಉಗುಳುತ್ತಾಳೆ ಎಂದು ಸುವರ್ಣಾ ಹೇಳಿದಳು. ಅನ್ನಸಾರನ್ನು ನುಣ್ಣಗೆ ಮಿದ್ದಿ ನೋಡಿದ್ದಾಯಿತು, ಬಿಸಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ನೋಡಿದ್ದಾಯಿತು, ಗೋದಿ ರವೆಯ ಸಜ್ಜಕ ಮಾಡಿದ್ದಾಯಿತು. ಎಷ್ಟು ಮೆತ್ತಗೆ ಮಾಡಿದರೂ ಅಷ್ಟೇ, ಈಚೀಚೆಗೆ ಬಟ್ಟಲು ಕಂಡರೇ ಓಕರಿಸುತ್ತಾಳೆ ಎಂದಳು.

ಅತ್ತೆಯ ದೂರು ಬೇರೆ ಇತ್ತು. ಬೀಗರ ಮನೆಯ ಮದುವೆಯಲ್ಲಿ ಪಂಕ್ತಿಯ ನಡುವೆ ಕೂತು ಈ ಹುಡುಗಿ ಸಾರಿನ ವಾಸನೆಗೇ ಕಾರಿಕೊಂಡಿದ್ದಳಂತೆ. ಪಕ್ಕದ ಹೆಂಗಸರು ತಾಯಿಗೆ ಕೂಸು ಸಾಕುವುದು ಬರುವುದಿಲ್ಲ ಎಂದು ಅಂದದ್ದು ಮನೆತನಕ್ಕೇ ಅಂದಂತಾಯಿತಂತೆ. ಅತ್ತೆ ಇದನ್ನು ಹೇಳುವಾಗ ಸುವರ್ಣಾ ಸೆರಗಿನ ತುದಿಯನ್ನು ಸುತ್ತುತ್ತ ನೆಲ ನೋಡುತ್ತಿದ್ದಳು. ಅಂದಿನಿಂದ ಅವಳು ಯಾವ ಕಾರ್ಯಕ್ಕೂ ಹೋಗುವುದನ್ನು ಬಿಟ್ಟಿದ್ದಳು.

ಇಷ್ಟು ಹೊತ್ತು ಸೃಷ್ಟಿ ಏನು ಮಾಡುತ್ತಿದ್ದಳು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಗಂಟಲು ನೋಡಲು ಬಳಸುವ ಕಟ್ಟಿಗೆಯ ಚಪ್ಪಟೆ ಕಡ್ಡಿಗಳ ಡಬ್ಬಿ ನನ್ನ ಟೇಬಲ್ಲಿನ ಮೇಲಿತ್ತು. ಅವನ್ನು ಒಂದೊಂದಾಗಿ ತೆಗೆದು ಸಾಲಾಗಿ, ತುದಿಗೆ ತುದಿ ಸರಿಯಾಗಿ ಕೂಡುವಂತೆ ಜೋಡಿಸುತ್ತಿದ್ದಳು. ನಾನು ಒಂದನ್ನು ಸರಿಸಿದ್ದಕ್ಕೆ ಕಿರುಚಿದಳು. ಹೆಸರು ಹಿಡಿದು ಕರೆದರೆ ತಿರುಗಲಿಲ್ಲ. ಹೊರಗೆ ಕಂಪೌಂಡರ್ ಸ್ಟೀಲಿನ ತಟ್ಟೆ ಬೀಳಿಸಿದಾಗ ಎರಡೂ ಕಿವಿ ಮುಚ್ಚಿಕೊಂಡು ತಾಯಿಯ ಹೊಟ್ಟೆಗೆ ತಲೆ ಒತ್ತಿದಳು. ವೈದ್ಯಕೀಯ ಓದುವ ಹುಡುಗರಿಗೆ ಇಷ್ಟು ಸೂಚನೆ ಕೊಟ್ಟು ಪ್ರಶ್ನೆ ಕೇಳಿದರೆ ನಿದ್ದೆಯಲ್ಲೂ ಉತ್ತರ ಹೇಳುತ್ತಾರೆ. ನಾನು ಮಾತ್ರ ನಕ್ಕು, ಭಾಳ ಶಿಸ್ತಿನ ಹುಡುಗಿ ಇದಾಳಲ್ಲ, ಊಟಕ್ಕಷ್ಟೇ ಹಟ ಏನು ಎಂದೆ.

ಹಟ ಎಂದು ಒಮ್ಮೆ ಬಾಯಿಂದ ಬಂದ ಮೇಲೆ ಮುಂದಿನದು ತಾನಾಗಿಯೇ ಬಂತು. ಆಗ ನನ್ನ ಹತ್ತಿರ ಹಟದ ಮಕ್ಕಳಿಗೆ ಒಂದೇ ಮದ್ದು ಇತ್ತು. ಮನೆಮಂದಿ ಉಣ್ಣುವುದನ್ನೇ ಬಡಿಸಬೇಕು, ಉಣ್ಣದಿದ್ದರೆ ತಟ್ಟೆ ಎತ್ತಿಬಿಡಬೇಕು, ಮುಂದಿನ ಊಟದ ಹೊತ್ತಿನವರೆಗೆ ಹಾಲೂ ಇಲ್ಲ, ಬಿಸ್ಕೀಟೂ ಇಲ್ಲ. ಹಸಿವೆಯೇ ದಾರಿಗೆ ತರುತ್ತದೆ ಎಂದು ನಂಬಿದ್ದೆ. ಬೇರೆ ದಿನವಾಗಿದ್ದರೆ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದೆ. ಅಂದು ಹೊರಗೆ ಜಾಗವಿಲ್ಲದಷ್ಟು ಜನ ಕೂತಿದ್ದರು, ನನಗೂ ತಲೆ ಸಿಡಿಯುತ್ತಿತ್ತು. ಜಂತುಹುಳದ ಔಷಧ ಮತ್ತು ಒಂದು ಟಾನಿಕ್ ಬರೆದು, ಅತ್ತೆಯ ಎದುರಿಗೇ ಸುವರ್ಣಾಗೆ ಹೇಳಿದೆ:

“ನೋಡವಾ, ನೀ ಮೆತ್ತಗ ಮಾಡಿ ಮಾಡೇ ಈಕಿ ಹಿಂಗಾಗ್ಯಾಳ. ಇನ್ನ ಮೆತ್ತಗ ಮಾಡೂದು ಬಿಡು. ಇವತ್ತಿನಿಂದ ಖಡಕ್ ಮಾಡು. ಖಡಕ್ ಮಾಡಿದ್ರ ತಾನ ತಿಂತಾಳ.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಏನೋ ಕೇಳಬೇಕು ಅನ್ನುವಂತಿತ್ತು. ನಾನು ಆಗಲೇ ಗಂಟೆ ಒತ್ತಿಬಿಟ್ಟಿದ್ದೆ, ಮುಂದಿನವರು ಒಳಗೆ ಬಂದರು. ಹೂಂ ರಿ ಎಂದು ಮಗಳನ್ನು ಎತ್ತಿಕೊಂಡು ಹೋದಳು.

ಎರಡು ತಿಂಗಳ ಮೇಲೆ ಸುವರ್ಣಾ ಅತ್ತೆ ಇಲ್ಲದೆ, ಮಗಳನ್ನಷ್ಟೇ ಎತ್ತಿಕೊಂಡು ಬಂದಳು. ಮುಖದಲ್ಲಿ ಹಿಡಿಸಲಾರದಷ್ಟು ನಗು. ಸೃಷ್ಟಿಯ ತೂಕ ಹತ್ತು ಕಿಲೋ ದಾಟಿತ್ತು, ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ನೀವು ಹೇಳಿದಂತೆ ಖಡಕ್ ಮಾಡಿದೆ, ಅವತ್ತೇ ತಿಂದಳು, ಈಗ ದಿನಾ ತಿನ್ನುತ್ತಾಳೆ ಎಂದಳು. ಹೇಗೆ ಮಾಡಿದೆ, ಏನು ಕೊಟ್ಟೆ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ನನ್ನ ಮದ್ದು ಹತ್ತಿತು ಎಂಬ ಖುಷಿಯಲ್ಲಿ ಕಂಪೌಂಡರನ್ನು ಕರೆದು, ನೋಡಯ್ಯಾ, ಇದಕ್ಕೆ ಔಷಧವೇ ಬೇಕಿರಲಿಲ್ಲ ಎಂದು ತೋರಿಸಿದೆ. ಹೊರಡುವಾಗ ಸುವರ್ಣಾ ಮೆಲ್ಲಗೆ ಇನ್ನೊಂದು ಮಾತು ತೆಗೆದಳು. ಮೂರು ತುಂಬಿತು, ಇನ್ನೂ ಅವ್ವಾ ಅನ್ನುವುದಿಲ್ಲ, ಕರೆದರೆ ತಿರುಗುವುದಿಲ್ಲ, ಓಣಿಯ ಮಕ್ಕಳ ಜೊತೆ ಕೂಡುವುದಿಲ್ಲ. ಊಟ ಹಾದಿಗೆ ಬಂತಲ್ಲ, ಮಾತೂ ಬರುತ್ತದೆ, ಸುಮ್ಮನೆ ಚಿಂತೆ ಹಚ್ಚಿಕೊಳ್ಳಬೇಡ ಎಂದು ಬೆನ್ನು ತಟ್ಟಿ ಕಳಿಸಿದೆ. ಮಾತು ಬಾರದ, ಕಣ್ಣಿಗೆ ಕಣ್ಣು ಕೊಡದ ಮೂರು ವರ್ಷದ ಮಗುವನ್ನು ಮಕ್ಕಳ ವೈದ್ಯೆ ಎರಡನೆಯ ಸಲ ಹಾಗೆಯೇ ವಾಪಸು ಕಳಿಸಿದ್ದಳು.

ಚಳಿಗಾಲ ಬಂತು. ಸಿಂದಗಿಯಲ್ಲಿ ಮಹಿಳಾ ಸಂಘದವರು ತಾಯಂದಿರಿಗಾಗಿ ಒಂದು ಸಭೆ ಇಟ್ಟು, ಉಣ್ಣದ ಮಕ್ಕಳ ಬಗ್ಗೆ ಮಾತಾಡಲು ನನ್ನನ್ನು ಕರೆದರು. ನನಗೆ ಸುವರ್ಣಾ ನೆನಪಾದಳು. ಅವಳ ತವರು ಸಿಂದಗಿ ತಾಲ್ಲೂಕಿನ ದೇವಣಗಾಂವ. ಆ ವಾರ ಅಲ್ಲಿಯೇ ಇದ್ದಳು. ಫೋನ್ ಮಾಡಿ, ಮಗಳನ್ನು ಕರೆದುಕೊಂಡು ಸಭೆಗೆ ಬಾ, ನಿನ್ನ ಅನುಭವ ಹೇಳು ಎಂದೆ. ಹಿಂದೆಮುಂದೆ ನೋಡಿದಳು, ಗದ್ದಲದಲ್ಲಿ ಮಗಳು ಅಳುತ್ತಾಳೆ ಎಂದಳು. ನಾನು ಇದ್ದೇನಲ್ಲ ಎಂದೆ.

ಕಲ್ಯಾಣ ಮಂಟಪ ತುಂಬಿತ್ತು. ನಾನು ಮೈಕ್ ಹಿಡಿದು ಬಹಳ ಹೊತ್ತು ಮಾತಾಡಿದೆ. ತಾಯಂದಿರು ಖಡಕ್ ಇರಬೇಕು, ಮೆತ್ತಗಾದರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ, ಒಂದು ಹೊತ್ತು ಉಪವಾಸ ಬಿದ್ದರೆ ಯಾವ ಕೂಸೂ ಸಾಯುವುದಿಲ್ಲ ಎಂದೆ. ಇದಕ್ಕೆ ಸಾಕ್ಷಿ ಬೇಕಾದರೆ ಇಲ್ಲೇ ಕೂತಿದ್ದಾಳೆ ಎಂದು ಸುವರ್ಣಾಳನ್ನು ವೇದಿಕೆಗೆ ಕರೆದೆ. ಅವಳು ಮಗಳನ್ನು ಜೊತೆಗೆ ಬಂದಿದ್ದ ತನ್ನ ತಾಯಿಯ ಹತ್ತಿರ ಕೂರಿಸಿ, ತಲೆಯ ಮೇಲೆ ಸೆರಗು ಹೊದ್ದು ಬಂದಳು. ಮೈಕ್ ಕೈಗೆ ತೆಗೆದುಕೊಂಡು ಮೊದಲು ಕೆಮ್ಮಿದಳು. ಆಮೇಲೆ ಮಾತು ಸರಾಗವಾಗಿ ಬಂತು.

“ನಾ ಹೆಚ್ಚಿಗೇನೂ ಮಾಡಿಲ್ರಿ. ಮೆತ್ತಗ ಮಾಡಬ್ಯಾಡ, ಖಡಕ್ ಮಾಡು ಅಂದ್ರು ಬಾಯಾರು. ಮನಿಗಿ ಹೋದಾಕಿನ ಬುಟ್ಟ್ಯಾಗಿಂದು ಖಡಕ್ ರೊಟ್ಟಿ ತಗದ ಕೈಯಾಗ ಕೊಟ್ಟೆ ನೋಡ್ರಿ. ಕಟಂ ಅಂತ ಕಡದ್ಳು. ಮತ್ತ ಕೈ ಚಾಚಿದ್ಳು. ನಾ ಅಲ್ಲೇ ಕುಂತ ಅತ್ತಬಿಟ್ಟೆ ರಿ.”

ಆಮೇಲೆ ಅವಳು ರೊಟ್ಟಿಯನ್ನು ಮಾಮೂಲಿಗಿಂತ ತೆಳ್ಳಗೆ ಬಡಿಯುವುದನ್ನು, ಒಲೆಯ ಬದಿಗೆ ನಿಲ್ಲಿಸಿ ಚೂರೂ ಪಸೆ ಇಲ್ಲದಂತೆ ಒಣಗಿಸುವುದನ್ನು, ಬೇಳೆಸಾರಿನ ಒಂದು ಹನಿಯೂ ತಾಗದಂತೆ ಬೇರೆ ತಟ್ಟೆಯಲ್ಲಿ ಕೊಡುವುದನ್ನು, ಜೊತೆಗೆ ಹುರಿದ ಶೇಂಗಾ ಪುಡಿಮಾಡಿ ಇಡುವುದನ್ನು ವಿವರಿಸಿದಳು. ಸಭೆಯಲ್ಲಿ ಮೊದಲು ಯಾರೋ ಕಿಸಕ್ಕೆಂದರು. ಮರುಕ್ಷಣ ಇಡೀ ಮಂಟಪ ನಗತೊಡಗಿತು. ನಾನು ಒಂದು ಗಂಟೆ ಕೊರೆದ ಖಡಕ್ ಯಾವುದು, ಅವಳು ಮಾಡಿದ ಖಡಕ್ ಯಾವುದು ಎಂದು ಎಲ್ಲರಿಗೂ ತಿಳಿದುಹೋಗಿತ್ತು. ತಿಳಿಯದೆ ನಿಂತವಳು, ನನ್ನ ಭಾಷಣದುದ್ದಕ್ಕೂ ಮಗಳನ್ನು ರಮಿಸುವುದರಲ್ಲೇ ಇದ್ದ ಸುವರ್ಣಾ ಒಬ್ಬಳೇ. ತಾನು ಏನು ತಪ್ಪು ಹೇಳಿದೆ ಎಂದು ನನ್ನ ಕಡೆ ನೋಡಿದಳು.

ಆಗ ನಾನೂ ನಕ್ಕು, ನಾ ಒಂದು ಹೇಳಿದೆ, ಈಕೆ ಒಂದು ತಿಳಿದಳು, ಈಕೆ ತಿಳಿದದ್ದೇ ಚೊಲೋ ಆಯಿತು ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷದಿಂದ ಗಳಿಸಿದ ಹೆಸರು ಅಷ್ಟು ಹೆಂಗಸರ ನಗುವಿನಲ್ಲಿ ಹೋಗುತ್ತದೆ ಅನ್ನಿಸಿತು. ಮೈಕನ್ನು ಅವಳ ಕೈಯಿಂದ ತೆಗೆದುಕೊಂಡು ಗಂಭೀರವಾಗಿ ಹೇಳಿದೆ:

“ನಗಬ್ಯಾಡ್ರಿ. ನಾ ಹೇಳಿದ್ದೂ ಅದನ್ನ. ಆಕಿ ಬರೋಬ್ಬರಿ ತಿಳ್ಕೊಂಡಾಳ.”

ನಗು ನಿಂತು ಚಪ್ಪಾಳೆ ಶುರುವಾಯಿತು. ಅದೇ ಹೊತ್ತಿಗೆ ಮೈಕ್ ಕೀಂ ಎಂದು ಕೂಗಿತು. ಕೆಳಗೆ ಸೃಷ್ಟಿ ಚೀರಿದಳು. ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಮುಂದಕ್ಕೆ ತೂಗುತ್ತ, ಅಜ್ಜಿ ಹಿಡಿದುಕೊಳ್ಳಲು ಹೋದಷ್ಟೂ ಜೋರಾಗಿ ಚೀರುತ್ತಿದ್ದಳು. ಸುವರ್ಣಾ ವೇದಿಕೆಯಿಂದ ಓಡಿದಳು. ನಾನೂ ಹಿಂದೆ ಹೋದೆ. ಮಗು ಕೂತಿದ್ದ ಕಡೆ ಜಮಖಾನದ ಮೇಲೆ ರೊಟ್ಟಿಯ ಚೂರುಗಳು ಸಾಲಾಗಿ, ತುದಿಗೆ ತುದಿ ಕೂಡಿ ಬಿದ್ದಿದ್ದವು. ಅದನ್ನು ನೋಡಿದಾಗ ನನ್ನ ಟೇಬಲ್ಲಿನ ಕಡ್ಡಿಗಳು ಕಣ್ಣಿಗೆ ಬಂದವು.

ಇದಕ್ಕೆ ಆಟಿಸಂ ಎನ್ನುತ್ತಾರೆ, ಕನ್ನಡದಲ್ಲಿ ಸ್ವಲೀನತೆ. ಇದು ರೋಗವಲ್ಲ, ತಾಯಿ ಸಾಕಿದ ರೀತಿಯಿಂದ ಬರುವುದೂ ಅಲ್ಲ. ಕೆಲವು ಮಕ್ಕಳ ಮೆದುಳು ಹುಟ್ಟಿನಿಂದಲೇ ಸದ್ದು, ಬೆಳಕು, ಸ್ಪರ್ಶ, ರುಚಿಗಳನ್ನು ನಮ್ಮ ಹಾಗೆ ತೆಗೆದುಕೊಳ್ಳುವುದಿಲ್ಲ. ನಮಗೆ ಮೆತ್ತನೆ ಅನ್ನಿಸುವ ತುತ್ತು ಅಂಥ ಮಗುವಿನ ಬಾಯಿಯಲ್ಲಿ ತಡೆಯಲಾರದ ಅಸಹ್ಯವಾಗಬಹುದು. ಸಾರು ದಿನಕ್ಕೊಂದು ರುಚಿ, ದಿನಕ್ಕೊಂದು ವಾಸನೆ. ಖಡಕ್ ರೊಟ್ಟಿ ಮಾತ್ರ ಇವತ್ತೂ ನಾಳೆಯೂ ಒಂದೇ ಸದ್ದಿನಿಂದ ಮುರಿಯುತ್ತದೆ. ಅದಕ್ಕೇ ಸೃಷ್ಟಿ ಅದನ್ನು ನಂಬಿದ್ದಳು. ಇಂಥ ಮಕ್ಕಳಲ್ಲಿ ಕೆಲವರು ಹಸಿವೆಗೆ ಮಣಿಯುವುದೇ ಇಲ್ಲ. ಒಗ್ಗದ್ದನ್ನು ತಿನ್ನುವ ಬದಲು ಉಪವಾಸ ಇದ್ದು ನೆಲ ಹಿಡಿಯುತ್ತಾರೆ. ಇದೆಲ್ಲ ನನಗೆ ಗೊತ್ತಿರದ ವಿಷಯವಲ್ಲ. ಗೊತ್ತಿದ್ದೂ ಕಾಣಲಿಲ್ಲ ಎಂಬುದೇ ನನ್ನ ನಾಚಿಕೆ.

ಸಭೆ ಮುಗಿದ ಮೇಲೆ ಅವರನ್ನು ದೇವಣಗಾಂವಕ್ಕೆ ನನ್ನ ಕಾರಿನಲ್ಲೇ ಬಿಡುತ್ತೇನೆ ಎಂದೆ. ಸುವರ್ಣಾಳ ತಾಯಿ ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ಸೃಷ್ಟಿ ತಾಯಿಯ ತೊಡೆಯ ಮೇಲೆ ಸುಸ್ತಾಗಿ ಮಲಗಿದ್ದಳು. ಊರು ದಾಟಿದ ಮೇಲೆ ಕಾರನ್ನು ರಸ್ತೆಯ ಬದಿಗೆ ಹಾಕಿ, ಹಿಂದಕ್ಕೆ ತಿರುಗಿ, ಎಲ್ಲ ಹೇಳಿದೆ. ವಿಜಯಪುರದಲ್ಲಿ ಮಕ್ಕಳ ಬೆಳವಣಿಗೆ ನೋಡುವ ತಜ್ಞರಿದ್ದಾರೆ, ಕೂಡಲೇ ತೋರಿಸಬೇಕು, ನಾನು ಮೊದಲ ದಿನವೇ ಕಳಿಸಬೇಕಿತ್ತು ಎಂದೆ. ಇಂಥದರಲ್ಲಿ ಬೇಗ ಶುರುಮಾಡಿದಷ್ಟು ಮಾತಿಗೆ ಒಳ್ಳೆಯದು, ನನ್ನಿಂದಾಗಿ ತಡವಾಯಿತು ಎಂದೆ. ಅವಳ ತಾಯಿ ಬಾಯಿಗೆ ಸೆರಗು ಹಿಡಿದರು. ಸುವರ್ಣಾ ಅಳಲಿಲ್ಲ. ಮಗಳ ಹಣೆಯ ಕೂದಲು ಸರಿಸುತ್ತ, ಇದು ನನ್ನ ಸಾಕೂದರಿಂದ ಆಗಿದ್ದಲ್ಲ ಹೌದಲ್ರಿ ಎಂದು ಕೇಳಿದಳು. ಖಂಡಿತ ಅಲ್ಲ ಎಂದೆ. ಅಂದು ದವಾಖಾನೆಯಲ್ಲಿ ನಾನು ಆಡಿದ ಮಾತನ್ನೇ ಹಿಡಿದುಕೊಂಡು ಅವಳ ಅತ್ತೆ ದಿನಾ ಅನ್ನುತ್ತಿದ್ದರಂತೆ, ನೀನೇ ಕೂಸನ್ನು ಕೆಡಿಸಿದೆ, ಡಾಕ್ಟರ ಬಾಯಲ್ಲೇ ಬಂದಿದೆ ಎಂದು.

ಆಮೇಲೆ ಅವಳು ಕೇಳಿದಳು: “ಬಾಯಾರ, ಅವರೆಲ್ಲ ಯಾಕ ನಕ್ಕ್ರು? ಹಂಗಾರ ನೀವು ಹೇಳಿದ ಖಡಕ್ ಯಾವ್ದರಿ?”

ಹೇಳಿದೆ. ತಟ್ಟೆ ಎತ್ತಿಬಿಡುವುದು, ಹಾಲು ಬಿಸ್ಕೀಟು ಬಂದ್ ಮಾಡುವುದು, ಅತ್ತರೂ ಕೊಡದಿರುವುದು. ಒಂದೊಂದನ್ನೂ ಅವಳ ಮುಖ ನೋಡಿ ಹೇಳಬೇಕಾಯಿತು. ಅವಳು ಮಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಚೊಲೋ ಆತ್ರಿ, ನನಗ ತಿಳೀಲಿಲ್ಲ. ತಿಳಿದಿದ್ರ ನಾ ಹಂಗ ಮಾಡೇಬಿಡ್ತಿದ್ದೆ. ನೀವು ಹೇಳೀರಿ ಅಂತ ಮಾಡ್ತಿದ್ದೆ ರಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾನು ಮುಂದಕ್ಕೆ ತಿರುಗಿ ಕಾರು ಚಾಲೂ ಮಾಡಿದೆ.

ವಿಜಯಪುರಕ್ಕೆ ನಾನೇ ಜೊತೆಗೆ ಹೋದೆ. ಆಟಿಸಂ ಎಂದು ಖಾತ್ರಿಯಾಯಿತು. ಮಾತಿನ ತರಬೇತಿ ಶುರುವಾಯಿತು. ಊಟಕ್ಕೆ ಅಲ್ಲಿಯವರು ಹೇಳಿದ ದಾರಿ ಫುಡ್ ಚೈನಿಂಗ್, ಅಂದರೆ ಮಗು ಒಪ್ಪಿದ ತಿನಿಸಿನಿಂದ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯುವುದು. ಜೋಳದ ಖಡಕ್ ರೊಟ್ಟಿಯಿಂದ ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿಗೆ, ಅಲ್ಲಿಂದ ಗರಿಗರಿ ಸುಟ್ಟ ಚಪಾತಿಗೆ. ಒತ್ತಾಯವಿಲ್ಲ, ಬೈಗುಳವಿಲ್ಲ. ಹೊಸದನ್ನು ಬರೀ ಮುಟ್ಟಿದರೂ, ಮೂಸಿದರೂ ಅವತ್ತಿನ ಮಟ್ಟಿಗೆ ಅಷ್ಟೇ ಸಾಕು. ಝಳಕಿಗೆ ಹೋಗಿ ಅತ್ತೆಯ ಮುಂದೆ ಕೂತು, ನಿಮ್ಮ ಸೊಸೆಯದು ತಪ್ಪಿಲ್ಲ, ಅಂದು ನಾನು ಆಡಿದ್ದು ತಪ್ಪು ಎಂದೂ ಹೇಳಿಬಂದೆ. ಆ ಮುದುಕಿ ಚಹಾ ಕೊಟ್ಟು ಒಳಗೆ ಹೋದರು.

ಸಿಂದಗಿಯ ಸಭೆಯಲ್ಲಿ ಆಡಿದ ಸುಳ್ಳು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಖಡಕ್ ರೊಟ್ಟಿಯಿಂದ ಉಣ್ಣದ ಮಕ್ಕಳನ್ನು ಉಣಿಸುವ ಡಾಕ್ಟರು ಎಂದು ನನ್ನ ಹೆಸರು ಹಳ್ಳಿ ಹಳ್ಳಿಗೆ ಹಬ್ಬಿತು. ಬಸವನ ಬಾಗೇವಾಡಿಯಿಂದ ಅಂಥದ್ದೇ ಸಭೆಗೆ ಕರೆ ಬಂತು. ಜ್ವರ ಎಂದು ಇನ್ನೊಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಒಂದು ದಿನ, ಇಂಡಿಯಲ್ಲಿದ್ದ ಮಗಳ ಮನೆಗೆ ಬಂದಿದ್ದ ಸಿಂದಗಿ ಕಡೆಯ ಅಜ್ಜಿಯೊಬ್ಬರು ಹಲ್ಲು ಸರಿಯಾಗಿ ಮೂಡದ ಮೊಮ್ಮಗುವನ್ನು ಎತ್ತಿಕೊಂಡು ಓಡಿಬಂದರು. ಖಡಕ್ ರೊಟ್ಟಿಯ ಚೂರು ಗಂಟಲಿಗೆ ಸಿಕ್ಕು ಕೂಸು ಕೆಮ್ಮಿ ಕೆಮ್ಮಿ ಕೆಂಪಾಗಿತ್ತು. ಪುಣ್ಯಕ್ಕೆ ಬಾಗಿಲಿಗೆ ಬರುವಷ್ಟರಲ್ಲಿ ಚೂರು ಹೊರಗೆ ಬಂದಿತ್ತು. ಸಣ್ಣ ಕೂಸಿಗೆ ಇಷ್ಟು ಗಟ್ಟಿಯಾದದ್ದನ್ನು ಯಾಕೆ ಕೊಟ್ಟಿರಿ ಎಂದು ಅಭ್ಯಾಸದಂತೆ ದನಿ ಏರಿಸಿದೆ. ಅಜ್ಜಿ ಬೆರಗಾಗಿ, ನೀವೇ ಮೈಕಿನಲ್ಲಿ ಹೇಳಿದ್ದಲ್ಲ ಎಂದರು.

ಅದಾದ ಮೇಲೆ ಸಿಂದಗಿಯ ಸಂಘದವರಿಗೆ ನಾನೇ ಫೋನ್ ಮಾಡಿ, ಮತ್ತೆ ಸಭೆ ಸೇರಿಸಿ ಎಂದೆ. ಅದೇ ಮಂಟಪದಲ್ಲಿ ನಿಂತು, ನಾನು ಹೇಳಿದ್ದು ಯಾವ ಖಡಕ್, ಸುವರ್ಣಾ ತಿಳಿದದ್ದು ಯಾವ ಖಡಕ್, ಅಂದು ನಾನು ಯಾಕೆ ಸುಳ್ಳಾಡಿದೆ ಎಂದು ಬಿಡಿಸಿ ಹೇಳಿದೆ. ಈ ಸಲ ಬಂದವರು ಮೊದಲಿನ ಅರ್ಧದಷ್ಟೂ ಇರಲಿಲ್ಲ. ಒಬ್ಬರೂ ನಗಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಬಾರದೇ ಇದ್ದವರ ಮನೆಗಳಲ್ಲಿ ನನ್ನ ಸುಳ್ಳೇ ಇವತ್ತಿಗೂ ಖರೇ ಆಗಿ ಉಳಿದಿರಬೇಕು.

ಈಗ ದವಾಖಾನೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಔಷಧ, ಪಥ್ಯ, ಏನೇ ಹೇಳಲಿ, ಗಂಟೆ ಒತ್ತುವ ಮೊದಲು ಎದುರಿಗೆ ಕೂತವರನ್ನು ಕೇಳುತ್ತೇನೆ: ನಾನು ಹೇಳಿದ್ದು ನಿಮಗೇನು ತಿಳಿಯಿತು, ಒಮ್ಮೆ ಹೇಳಿರಿ. ಕೆಲವರಿಗೆ ಪರೀಕ್ಷೆ ಮಾಡಿದಂತೆ ಅನ್ನಿಸಿ ಸಿಟ್ಟು ಬರುತ್ತದೆ. ಬರಲಿ. ಅವರು ಹೇಳುವುದನ್ನು ಕೇಳುತ್ತ ಕೂತರೆ, ನಾನು ಆಡಿದ ಮಾತು ಬೇರೆಯೇ ಆಗಿ ಹೋಗಿರುವುದು ವಾರಕ್ಕೊಮ್ಮೆಯಾದರೂ ಗೊತ್ತಾಗುತ್ತದೆ. ಇಷ್ಟು ಸಣ್ಣ ಕೆಲಸವನ್ನು ಇಪ್ಪತ್ತು ವರ್ಷ ನಾನು ಮಾಡಿರಲಿಲ್ಲ.

ಇದರಿಂದ ನಾನು ಪೂರ್ತಿ ಕಲಿತೆ ಎಂದು ಬರೆದು ಮುಗಿಸುವ ಆಸೆ ಇತ್ತು. ಆದರೆ ಕಳೆದ ತಿಂಗಳು ಸುವರ್ಣಾ ಬಂದಿದ್ದಳು. ಸೃಷ್ಟಿ ಈಗ ಶಾಲೆಗೆ ಹೋಗುತ್ತಾಳೆ. ಮಾತು ಕೆಲವೇ, ಊಟದ ಪಟ್ಟಿಗೆ ಒಂದಿಷ್ಟು ತಿನಿಸುಗಳು ಕೂಡಿವೆ. ತೂಕದ ಯಂತ್ರದ ಮೇಲೆ ಹುಡುಗಿಯನ್ನು ನಿಲ್ಲಿಸಿ ನಾನು ಮುಳ್ಳು ನೋಡುತ್ತಿದ್ದೆ, ಸುವರ್ಣಾ ಪಕ್ಕದಲ್ಲಿ ಏನೋ ಹೇಳುತ್ತಿದ್ದಳು, ನಾನು ಹೂಂ ಹೂಂ ಎನ್ನುತ್ತಿದ್ದೆ. ಆಮೇಲೆ ಕುರ್ಚಿಗೆ ಬಂದು ಕಬ್ಬಿಣಾಂಶದ ಔಷಧವನ್ನು ಹೇಗೆ ಕೊಡಬೇಕು ಎಂದು ಹೇಳಿ, ಎಂದಿನಂತೆ, ಏನು ತಿಳಿಯಿತು ಹೇಳವಾ ಎಂದೆ. ಅವಳು ನಕ್ಕಳು.

“ಮೊದಲ ನೀವು ಹೇಳ್ರಿ ಬಾಯಾರ. ನಾ ಈಗ ಹೇಳಿದ್ದು ನಿಮಗೇನು ತಿಳೀತು?”

ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, ನನ್ನ ಲಕ್ಷ್ಯ ಇರಲಿಲ್ಲ, ಇನ್ನೊಮ್ಮೆ ಹೇಳು ಎಂದೆ.

“ಮೊನ್ನಿ ನಾ ಸಿಟ್ಟಾಗಿ ಉಣ್ಣದ ಕುಂತಿದ್ದೆ ರಿ. ಈಕಿ ಬಂದು ತನ್ನ ರೊಟ್ಟಿ ಮುರದು ನನ್ನ ಬಾಯಾಗ ಇಟ್ಳು. ಇಟ್ಟು, ನಾ ತಿನ್ನೂಮಟಾ ನನ್ನ ಮುಖಾ ನೋಡಕೋತ ನಿಂತ್ಳು.”

ಕರೆದರೆ ತಿರುಗದಿದ್ದ ಹುಡುಗಿ ತಾನಾಗಿಯೇ ತಾಯಿಯ ಮುಖ ನೋಡಿದ್ದಳು. ಆ ಸುದ್ದಿ ಹೇಳಲೆಂದೇ ಅವಳು ಝಳಕಿಯಿಂದ ಬಂದಿದ್ದಳು, ನಾನು ಮುಳ್ಳು ನೋಡುತ್ತ ನಿಂತಿದ್ದೆ.